ಅವ್ವನ ಮಾರಿ

ಕೆಸರುಗದ್ದೆಯ ವಾಸನೆ ಬಂದರೆ ಈಗಲೂ ನಮ್ಮೂರು ಮೆಟ್ರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪುಸ್ತಕ ನೋಡಿ ಗುಡ್ಡ, ಸೂರ್ಯ ಬಿಡಿಸಿದ್ದು ಸಾಕೆಂದು ಡ್ರಾಯಿಂಗ್ ಟೀಚರ್ ನಮ್ಮನ್ನು ಕಾಲುವೆಯ ಏರಿ ಮೇಲೆ ಕೂರಿಸಿದರು. "ಕಣ್ಣಿಗೆ ಕಂಡಿದ್ದನ್ನ ಬರೀರಿ" ಅಂದರು. ಎದುರಿನ ಗದ್ದೆಯಲ್ಲಿ ಅವ್ವ ಕೂಲಿ ಹೆಂಗಸರ ಜೊತೆ ಭತ್ತದ ಸಸಿ ನೆಡುತ್ತಿದ್ದಳು. ಒರಟು ಹಾಳೆಯ ಮೇಲೆ ನಾನು ಅವಳ ಬಾಗಿದ ಬೆನ್ನು, ಸೀರೆ ಮೇಲೆ ತೊಟ್ಟ ಅಪ್ಪನ ಹಳೇ ಶರ್ಟು ಬರೆದೆ.

"ಭಾಳ ಚಂದ ಐತಿ. ನಿಮ್ಮವ್ವಗ ತೋರ್ಸು" ಅಂದರು ಟೀಚರ್.

ಸಂಜೆ ಅಂಜುತ್ತಲೇ ತೋರಿಸಿದೆ. ಅವ್ವ ಕೈ ಒರೆಸಿಕೊಂಡು ಹಾಳೆ ಹಿಡಿದಳು.

"ಮಾರಿ ಯಾಕ ಬರ್ದಿಲ್ಲಲೇ?"

"ನೀ ತಲಿ ಎತ್ತಲೇ ಇಲ್ಲಲ್ಲವ್ವ."

ಅವಳು ಹಾಳೆಯನ್ನು ಇನ್ನೊಮ್ಮೆ ನೋಡಿ ನನ್ನ ಕೈಗೆ ಕೊಟ್ಟಳು.

ಮರುದಿನ ನಾವು ಏರಿ ಮೇಲೆ ಕುಳಿತಾಗ ಅವ್ವ ಸಸಿಯ ಕಟ್ಟು ಕೆಳಗಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡು ನನ್ನ ಕಡೆ ಮುಖ ಮಾಡಿ ನಿಂತಳು. ಮೇಸ್ತ್ರಿ ಎಷ್ಟು ಕೂಗಿದರೂ, ನಾನು ಪೆನ್ಸಿಲ್ ಕೆಳಗಿಡುವ ತನಕ ಬಗ್ಗಲಿಲ್ಲ.