ಹೊಳೆಗುಂಡಿಯ ಗುರುತು

ಆಡಬೇಕಾದ ಒಂದು ಮಾತನ್ನು ನಾನು ಆಡಲಿಲ್ಲ, ಅಕ್ಕ ಬೈಗುಳ ತಿಂದಳು. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಸುಸ್ತಾಗಿ ಬರುವಾಗ ಕೆರೆ ಏರಿ ಮೇಲೆ ಒಣಹಾಕಿದ ಬಲೆಯ ವಾಸನೆ ಬಡಿದರೆ, ಈಗಲೂ ಆ ಮಧ್ಯಾಹ್ನಕ್ಕೇ ಹೋಗಿ ನಿಲ್ಲುತ್ತೇನೆ.

ಅಪ್ಪ ಕುಣಿಗಲ್ ಕಡೆಯ ಡ್ಯಾಮಿನಲ್ಲಿ ಮೀನು ಹಿಡಿಯುತ್ತಿದ್ದ. ಮಳೆಗಾಲದಲ್ಲಿ ಕೆಂಪು ಹೊಸನೀರು ಬಂದು ಸೇರುವ ಕಡೆ ಬಲೆ ಬಿಡುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನೆಲ್ಲ ತಂಪು ಹುಡುಕಿಕೊಂಡು, ಡ್ಯಾಮಿನೊಳಗೆ ಮುಳುಗಿದ್ದ ಹಳೇ ಹೊಳೆಯ ಗುಂಡಿ ಸೇರುತ್ತಿದ್ದವು. ನೀರಿನಿಂದ ತಲೆ ಎತ್ತಿದ ಹುಣಸೆ ಬೊಡ್ಡೆಯೂ ದಡದ ಗುಡಿಯೂ ಒಂದೇ ಸಾಲಿಗೆ ಬಂದರೆ ಅದೇ ಜಾಗ. ಅದನ್ನು ಅಪ್ಪ ಅಕ್ಕನಿಗೆ ಮಾತ್ರ ಕಲಿಸಿದ್ದ. ಹರಿಗೋಲಿನಲ್ಲಿ ಅವಳ ಹಿಂದೆ ಕೂತು ನಾನೂ ನೋಡಿಕೊಂಡಿದ್ದೆ.

ಒಂದು ದಿನ ದಡದಲ್ಲಿ ಸೋಡಾ ಕುಡಿಸಿದ ಪಕ್ಕದೂರಿನವನಿಗೆ ಆ ಗುರುತನ್ನು ಜಂಬದಿಂದ ಹೇಳಿಬಿಟ್ಟೆ. ಮಾರನೆಯ ಮಧ್ಯಾಹ್ನ ಹೋದರೆ ಗುಂಡಿಯ ತುಂಬ ಬೇರೆಯವರ ಬಲೆ.

"ಯಾರ್ ಹತ್ರ ಒದರ್ದೆ, ಹೇಳೇ?" ಎಂದು ಅಪ್ಪ ಅಕ್ಕನನ್ನು ಕೇಳಿದ.

"ನಾನ್ಯಾರ್ಗೂ ಹೇಳಿಲ್ಲ ಕಣಪ್ಪಾ."

"ನಿನ್ ಬುಟ್ರೆ ಇನ್ಯಾರ್ಗೇ ಗೊತ್ತು? ನಾಳೆಯಿಂದ ಹರಿಗೋಲು ಹತ್ಬೇಡ. ಮನೇಲ್ ಬಿದ್ದಿರು."

ಅಕ್ಕ ಹುಟ್ಟನ್ನು ಮೆಲ್ಲಗೆ ಕೆಳಗಿಟ್ಟಳು. ನಾನು ಒದ್ದೆ ಬಲೆಯ ಗಂಟು ಬಿಡಿಸುತ್ತ ತಲೆ ಎತ್ತಲೇ ಇಲ್ಲ. ಮತ್ತೆಂದೂ ಅಪ್ಪ ಅವಳನ್ನು ನೀರಿಗೆ ಕರೆದೊಯ್ಯಲಿಲ್ಲ.

ಮೊನ್ನೆ ಅಕ್ಕ ನಮ್ಮ ಮನೆಯಲ್ಲಿ ಮೀನು ಉಜ್ಜುತ್ತ ನಕ್ಕಳು. "ಗುಂಡಿ ಮೀನು ಕಣೋ ಇದು. ಬೆನ್ನು ಎಷ್ಟ್ ಕಪ್ಪಗದೆ ನೋಡ್ಲಾ."

"ಅಕ್ಕಾ, ಅವತ್ತು ಆ ಜಾಗ ಹೇಳಿದ್ದು ನಾನು ಕಣಕ್ಕಾ. ತಪ್ಪಾಯ್ತು."