ಮಹಾನಂದಾಳ ಪಾಠದ ರೊಟ್ಟಿ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಲೇ ಬಿ.ಎಡ್. ಓದುತ್ತಿದ್ದ ಮಹಾನಂದಾಳ ಕೊನೆಯ ಪರೀಕ್ಷಾ ಪಾಠ ಅದು. ಕಾಲು ಭಾಗವೆಂದರೇನೆಂದು ತೋರಿಸಲು ಮಕ್ಕಳೆದುರು ಮುರಿದ ಜೋಳದ ರೊಟ್ಟಿ, ಒಣಗಿ ಕಡಕ್ಕಾಗಿದ್ದರಿಂದ, ಅಡ್ಡಾದಿಡ್ಡಿ ನಾಲ್ಕು ಚೂರಾಯಿತು. ತರಗತಿ ಗೊಳ್ಳೆಂದು ನಕ್ಕಿತು. ಪರೀಕ್ಷಕರು ಏನೋ ಬರೆದುಕೊಂಡರು. ಅವಳು ಚೂರುಗಳನ್ನು ಮತ್ತೆ ಜೋಡಿಸಲು ಹೊರಟಳು.

ಹಿಂದಿನ ಬೆಂಚಿನಲ್ಲಿದ್ದ ಆ ಶಾಲೆಯ ಹಿರಿಯ ಶಿಕ್ಷಕಿ ಸೀತಾಲಕ್ಷ್ಮಿ ವಿದ್ಯಾರ್ಥಿನಿಯಂತೆ ಕೈಯೆತ್ತಿದರು. "ಮಿಸ್, ನಾಲ್ಕು ಚೂರಾಯ್ತಲ್ಲ, ಒಂದೊಂದೂ ಕಾಲು ಭಾಗ ತಾನೇ?"

"ಅಲ್ಲ ಮಿಸ್! ಸಮ ಇಲ್ಲ!" ಮಕ್ಕಳು ಕೂಗಿದರು. "ಸೀತಾ ಮಿಸ್‌ಗೆ ದೊಡ್ಡ ಚೂರು ಬೇಕಂತೆ!"

"ಹೌದಲ್ಲ! ಹಂಗಾರ ಸಮ ಅಂದ್ರ ಏನು, ಹೇಳ್ರಿ ನೋಡೋಣ," ಎಂದಳು ಮಹಾನಂದಾ.

ಇಂದು ತಾನೂ ಮಿಸ್ ಆಗಿರುವ ಅವಳು ಆ ಎತ್ತಿದ ಕೈಗೆ ಮನಸ್ಸಿನಲ್ಲೇ ನಮಸ್ಕರಿಸುತ್ತಾಳೆ. ಅದು ತನ್ನನ್ನು ಕಾಪಾಡಲೆಂದೇ ಕೇಳಿದ ಪ್ರಶ್ನೆಯೆಂದು ಪರೀಕ್ಷಕರು ಅರಿತೂ ಸುಮ್ಮನಿದ್ದರೋ, ಅರಿಯಲೇ ಇಲ್ಲವೋ, ಗೊತ್ತಿಲ್ಲ.