ಇಪ್ಪತ್ತು ಇಂಚಿನ ಸೈಕಲ್ಲು

ಬೈಲಹೊಂಗಲದ ಸರಕಾರಿ ದವಾಖಾನೆಯ ನರ್ಸ್ ಲೀಲಾಬಾಯಿ ಸೈಕಲ್ ತಳ್ಳಿಕೊಂಡು ಹಣಮಂತಪ್ಪನ ಸೈಕಲ್ ಅಂಗಡಿಗೆ ಬಂದಾಗ ಅವರ ಎರಡೂ ಮೊಳಕೈಗೆ ಪಟ್ಟಿ ಸುತ್ತಿತ್ತು. ಹಣಮಂತಪ್ಪ ಮೊದಲು ಸೈಕಲ್ಲನ್ನು ನೋಡಿದ, ಆಮೇಲೆ ಬಾಯಾರನ್ನು. ಸೈಕಲ್ಲಿಗೆ ಏನೂ ಆಗಿರಲಿಲ್ಲ.

"ಇದನ್ನ ಯಾರಿಗರೆ ಮಾರಿಬಿಡ್ರಿ, ಹಣಮಂತಪ್ಪ. ನಮ್ಮಣ್ಣ ಕೊಟ್ಟಾನ. ಹದಿನೈದು ದಿನದಾಗ ಐದು ಸಲ ಬಿದ್ದೀನಿ. ಸೈಕಲ್ ಹೊಡ್ಯೂದು ನನ್ನ ಹಣ್ಯಾಗ ಬರದಿಲ್ಲ."

"ಕಲೀಬೇಕು ಅಂತ ಯಾಕ ಮನಸ್ಸ ಮಾಡಿದ್ರಿ ಬಾಯಾರ?"

ಲೀಲಾಬಾಯಿ ಸೈಕಲ್ಲನ್ನು ಗೋಡೆಗೆ ಒರಗಿಸಿದರು. "ಹೋದ ತಿಂಗಳ ಸಂಪಗಾಂವಿಂದ ಹೆರಿಗಿಗೆ ಕರಿಯಾಕ ಬಂದಿದ್ರು. ಬಸ್ಸು ಹೋಗಿಬಿಟ್ಟಿತ್ತು. ನಡಕೋತ ಹೋದೆ. ನಾ ಹೋಗಿ ಮುಟ್ಟೂದ್ರಾಗ ಕೂಸು ಇರಲಿಲ್ಲ."

ಹಣಮಂತಪ್ಪ ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡ. ದಾರಿಯಲ್ಲಿ ನಡೆದು ಹೋಗುವವನ ಕಾಲು ನೋಡಿಯೇ ಇವನಿಗೆ ಇಂಥ ಅಳತೆಯ ಸೈಕಲ್ಲು ಎಂದು ಹೇಳಬಲ್ಲವನು ಅವನು. ಬಾಯಾರ ಅಣ್ಣನನ್ನೂ ಕಂಡಿದ್ದ, ಬಾಗಿಲಲ್ಲಿ ಬಗ್ಗಿ ಬರುವ ಆಳು. ಅವನ ಸೈಕಲ್ಲು ಹತ್ತಿದರೆ ಈಕೆಯ ಪಾದ ಪೈಡಲ್ಲಿನ ಬೆನ್ನು ಹತ್ತಿ ಕೆಳಗೆ ಹೋಗುವಷ್ಟರಲ್ಲಿ ಅದು ತಪ್ಪಿಸಿಕೊಂಡಿರುತ್ತದೆ. ಹ್ಯಾಂಡಲ್ ಹಿಡಿಯಲು ಮೈಯೆಲ್ಲ ಮುಂದೆ ಚಾಚಬೇಕು. ನಿಲ್ಲಿಸಿದರೆ ನೆಲ ಸಿಗುವುದಿಲ್ಲ.

"ನಿಮ್ಮ ತಪ್ಪೇನೂ ಇಲ್ರಿ. ಇದರ ಫ್ರೇಮು ಇಪ್ಪತ್ನಾಕು ಇಂಚಿಂದು, ನಿಮ್ಮ ಅಣ್ಣಾರ ಅಳತೀದು. ಅವರ ಜೋಡು ಮೆಟ್ಟಿಕೊಂಡು ಓಡಿದ್ರೂ ನೀವು ಬೀಳತಿದ್ರಿ."

"ಹಂಗಾದ್ರ ನನ್ನ ಅಳತಿ ಎಷ್ಟು?"

ಹಣಮಂತಪ್ಪ ಸಿಕ್ಕಿಬಿದ್ದದ್ದು ಅಲ್ಲಿ. ಗಂಡಸರಾದರೆ ಗೋಡೆಗೆ ನಿಲ್ಲಿಸಿ ಕಾಲಿನ ಒಳಬದಿಗೆ ಟೇಪು ಹಿಡಿದುಬಿಡುತ್ತಿದ್ದ. ಕಚ್ಚೆ ಹಾಕಿ ಒಂಬತ್ತುವಾರಿ ಸೀರೆ ಉಟ್ಟ ದವಾಖಾನೆಯ ಬಾಯಾರಿಗೆ ಎಲ್ಲಿ ಟೇಪು ಹಿಡಿಯುವುದು? ಅವನ ಕಿವಿ ಬಿಸಿಯಾದವು. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಸುಂದರವ್ವನನ್ನು ಕೂಗಿದ.

ಸುಂದರವ್ವ ಹಿಟ್ಟಿನ ಕೈಯಲ್ಲೇ ಬಂದಳು. ವಿಷಯ ಕೇಳಿ, ಗಂಡನ ಕೈಯಿಂದ ಟೇಪು ಕಿತ್ತುಕೊಂಡು, ಬಾಯಾರನ್ನು ಒಳಗೆ ಕರೆದೊಯ್ದು ಕದ ಮುಂದೆ ಮಾಡಿದಳು. ಹಣಮಂತಪ್ಪ ಕದದ ಈಚೆಯಿಂದಲೇ ಹೇಳತೊಡಗಿದ.

"ಬೆನ್ನ ಗ್ವಾಡಿಗೆ ಹಚ್ಚಿ ನಿಲ್ಲಸು. ಬರಿಗಾಲಾಗ ನಿಲ್ಲಬೇಕು. ಲಟ್ಟಣಗಿ ಎರಡೂ ಕಾಲ ನಡುವ ಅಡ್ಡ ಹಿಡಕೊಳ್ಳಲಿ, ಸೀಟಿನ ಮ್ಯಾಲ ಕುಂತಂಗ ಮ್ಯಾಲಕ್ಕ ಬಿಗೀಬೇಕು. ಅಲ್ಲಿಂದ ನೆಲದ ತನಕ ಅಳಿ."

"ಗೊತ್ತಾತು. ನೀವೊಂದೀಟು ಆಚೆ ಸರೀರಿ."

ಅವನು ಸರಿದ. ಒಳಗೆ ಇಬ್ಬರೂ ನಗುವುದು ಕೇಳಿಸಿತು. ಆಮೇಲೆ ಮಾತು, ಮತ್ತೆ ನಗು. ಒಂದು ಕಾಲು ಅಳೆಯಲು ಇಷ್ಟು ಹೊತ್ತು ಯಾಕೆ ಬೇಕು ಎಂದು ಅವನಿಗೆ ತಿಳಿಯಲಿಲ್ಲ.

"ಮೂವತ್ತು," ಎಂದು ಸುಂದರವ್ವ ಹೊರಬಂದಳು.

"ಮೂವತ್ತರಾಗ ಹತ್ತು ತಗದ್ರ ಫ್ರೇಮಿನ ಅಳತಿ, ಇಪ್ಪತ್ತು." ಹಣಮಂತಪ್ಪ ಅಟ್ಟ ಹತ್ತಿದ. ಹೋದ ವರ್ಷ ಬೆಳಗಾವಿಯ ವ್ಯಾಪಾರಿಯೊಬ್ಬ ಇಪ್ಪತ್ತೆರಡರ ಬದಲು ತಪ್ಪಿ ಕಳಿಸಿದ ಇಪ್ಪತ್ತರ ಫ್ರೇಮು ಅಲ್ಲಿ ಧೂಳು ತಿನ್ನುತ್ತಿತ್ತು. ಊರಿನ ಯಾವ ಗಂಡಸೂ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಸಂಜೆಯೊಳಗೆ ಅದಕ್ಕೆ ಗಾಲಿ, ಸೀಟು ಎಲ್ಲ ಬಂದವು.

ಹಿಮ್ಮಡಿಯನ್ನು ಪೈಡಲ್ಲಿನ ಮೇಲೆ ಇಟ್ಟರೆ ಕಾಲು ನೆಟ್ಟಗಾಗುವಷ್ಟಕ್ಕೆ ಸೀಟು ಇಳಿಸಿದ. "ಮೊಳಕೈ ಸೀಟಿನ ಮೂತಿಗೆ ಹಚ್ಚಿ ಕೈ ಚಾಚರಿ. ಬೆರಳ ತುದಿ ಹ್ಯಾಂಡಲ್ಲಿಗೆ ಮುಟ್ಟತೈತೇನು?"

"ಎರಡು ಬೆರಳು ಕಡಿಮಿ ಅದ."

ಸೀಟನ್ನು ಎರಡು ಬೆರಳು ಮುಂದಕ್ಕೆ ಸರಿಸಿದ, ಹ್ಯಾಂಡಲ್ಲನ್ನು ಒಂದು ಇಂಚು ಎತ್ತಿ ಪಾನಾದಿಂದ ಬೋಲ್ಟು ಬಿಗಿದ. "ಇನ್ನ ಹತ್ತರಿ. ಬೀಸೂಕಲ್ಲಿನ ಮುಂದ ಕುಂತಂಗ ಬಗ್ಗಬ್ಯಾಡ್ರಿ, ಮೈ ಸಡಲ ಬಿಡ್ರಿ."

ಲೀಲಾಬಾಯಿ ಹತ್ತಿದರು. ಸೈಕಲ್ಲು ಒಮ್ಮೆ ಓಲಾಡಿತು, ಕಾಲಿನ ತುದಿಗೆ ನೆಲ ಸಿಕ್ಕಿತು, ಬೀಳಲಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು. ಬಜಾರಿನ ಮಂದಿ ಬಾಯಿ ತೆರೆದು ದಾರಿಯ ನಡುವೆ ನಿಂತಿದ್ದರು. ಬಾಯಾರು ಗಂಟೆ ಬಾರಿಸಿ ಅವರನ್ನು ಬದಿಗೆ ಸರಿಸಿದರು.

ಮುಂದಿನ ವಾರ ಮತ್ತೆ ಸಂಪಗಾಂವಿನಿಂದ ಕರೆ ಬಂತು. ಕೆಂಚವ್ವ ಎಂಬಾಕೆಗೆ ಬೆಳಿಗ್ಗೆಯಿಂದ ಬೇನೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೋದ ಲೀಲಾಬಾಯಿ ಹೊತ್ತು ಇಳಿಯುವ ಮೊದಲೇ ಮರಳಿ, ನೇರ ಅಂಗಡಿಯ ಮುಂದೆ ಇಳಿದರು. ಮೈಯೆಲ್ಲ ಧೂಳು, ಮುಖದ ತುಂಬ ನಗು.

"ಜವಳಿ ಕೂಸು, ಹಣಮಂತಪ್ಪ. ಎರಡೂ ಅರಾಮ ಅವ, ತಾಯೀನೂ ಅರಾಮ ಇದ್ದಾಳ. ಆದ್ರ ಎರಡನೇದು ಬರೂ ಹೊತ್ತಿಗೆ ನನಗ ಇನ್ನೆರಡು ಕೈ ಬೇಕಾಗಿದ್ದವು. ಹಿಂದೊಂದು ಕ್ಯಾರಿಯರ್ ಹಾಕಿಕೊಡ್ರಿ."

"ಪೆಟಗಿ ಇಡಾಕೇನ್ರಿ?"

"ಪೆಟಗಿ ಹ್ಯಾಂಡಲ್ಲಿಗೆ ತೂಗಹಾಕ್ತೀನಿ. ಕ್ಯಾರಿಯರ್ ಸುಂದರವ್ವಗ. ಹೆರಿಗಿ ಮಾಡಸೂದು ಕಲಿಸಿದ್ರ ಜೋಡಿ ಬರತೇನಿ ಅಂತ ಅಕಿ ಅಳತಿ ತಗದ ದಿನಾನ ಅಂದಿದ್ಲು. ನಿಮಗ ಹೇಳಿಲ್ಲೇನು?"

ಹಣಮಂತಪ್ಪ ಒಳಗೆ ತಿರುಗಿ ನೋಡುವಷ್ಟರಲ್ಲಿ ಸುಂದರವ್ವ ಕೈಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ಕ್ಯಾರಿಯರ್ ಜೋಡಿಸಿದ, ಒಮ್ಮೆ ಬಿಗಿದ ಬೋಲ್ಟನ್ನೇ ಇನ್ನೊಮ್ಮೆ ಬಿಗಿದ. ಆಕೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕುಳಿತಳು. ಬಾಯಾರು ಪೈಡಲ್ ತುಳಿದರು. ಇಬ್ಬರೂ ನಗುತ್ತ ಬಜಾರಿನ ತಿರುವು ದಾಟಿದರು.

ಪಾನಾ ಹಿಡಿದುಕೊಂಡೇ ಹಣಮಂತಪ್ಪ ನೋಡುತ್ತ ನಿಂತ. ಸೈಕಲ್ ಅಂಗಡಿ ಇಟ್ಟು ಹನ್ನೆರಡು ವರ್ಷವಾಗಿತ್ತು. ಹೆಂಡತಿ ಸೈಕಲ್ಲಿನ ಮೇಲೆ ಕುಳಿತದ್ದನ್ನು ಅವನು ಕಂಡದ್ದು ಅದೇ ಮೊದಲು.